ಷರಾ ಕಾಲಮ್ಮಿನಲ್ಲಿ ನಾನು ಬರೆದದ್ದು

ಹೋದ ತಿಂಗಳು ಬಂಗಾರಪೇಟೆಯಲ್ಲಿ ನಿವೃತ್ತ ನೌಕರರನ್ನೆಲ್ಲ ಸೇರಿಸಿ ಒಂದು ಸನ್ಮಾನ ಇಟ್ಟುಕೊಂಡಿದ್ದರು. ನನ್ನನ್ನೂ ಕರೆದರು, ಹೋದೆ. ಶಾಲು ಹೊದಿಸಿದರು, ಕೈಗೊಂದು ಸೇಬು ಕೊಟ್ಟರು. ಆಮೇಲೆ ಮೈಕು ಹಿಡಿದಿದ್ದ ಮಹಾಶಯರು ಶುರು ಮಾಡಿದರು: ‘ಪದ್ಮಾವತಮ್ಮನವರು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆ ಮಾಡಿದರು. ಒಂದು ದಿನವೂ ಯಾರ ಪರವೂ ನಿಲ್ಲಲಿಲ್ಲ. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅದೇ ಅವರ ದೊಡ್ಡತನ.’ ಜನ ಚಪ್ಪಾಳೆ ತಟ್ಟಿದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ದೊಡ್ಡತನವಂತೆ ದೊಡ್ಡತನ! ಎದ್ದು ನಿಂತು ‘ಅಯ್ಯಾ, ಸುಮ್ಮನಿರು’ ಅನ್ನಬೇಕೆನಿಸಿತು. ಅನ್ನಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಊಟಕ್ಕೂ ನಿಲ್ಲದೆ ಸ್ಟೇಷನ್ನಿನ ಕಡೆ ನಡೆದೆ. ಕೆ.ಜಿ.ಎಫ್. ಹಾದು ಮಾರಿಕುಪ್ಪಂಗೆ ಹೋಗುವ ಗಾಡಿ ಹೊರಡಲು ನಿಂತಿತ್ತು. ಒಂದು ಕಾಲದಲ್ಲಿ ದಿನಾ ಓಡಾಡಿದ ಗಾಡಿ ಅದು. ಹತ್ತುವ ಮನಸ್ಸಾಗಲಿಲ್ಲ, ಹೊರಟುಹೋಗುವವರೆಗೂ ನೋಡುತ್ತ ನಿಂತೆ.

ಎಂಬತ್ತರ ದಶಕದ ಒಂದು ಬೇಸಿಗೆ. ನಾನಾಗ ಹೊಸ ಗುಮಾಸ್ತೆ, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಕಚೇರಿಯ ಹೆಸರು ಬೇಡ, ಈಗ ಅಲ್ಲಿರುವವರು ಬೇರೆಯವರು. ಊರು ಬಂಗಾರಪೇಟೆಯ ಆಚೆಗಿನ ಹಳ್ಳಿ. ಅಪ್ಪ ರಾಗಿ ಬೆಳೆಯುತ್ತಿದ್ದರು, ಎರಡು ಹಸು ಕಟ್ಟಿದ್ದರು. ಮನೆಯೊಳಗೆ ತೆಲುಗು, ಹೊರಗೆ ಕನ್ನಡ, ಕೆ.ಜಿ.ಎಫ್.ಗೆ ಹೋದರೆ ಹರುಕುಮುರುಕು ತಮಿಳು. ನಮ್ಮ ಕಡೆ ಎಲ್ಲರದೂ ಹೀಗೆಯೇ. ಸೊಪ್ಪು ಕೊಳ್ಳುವಾಗ ಯಾರೂ ಯಾರ ಭಾಷೆ ಯಾವುದು ಎಂದು ಕೇಳಿದ್ದು ನಾನು ಕಂಡಿರಲಿಲ್ಲ. ಆ ವರ್ಷ ಕೇಳಿದರು.

ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ಇವತ್ತು ಕನ್ನಡದ ಬೋರ್ಡಿಗೆ ಟಾರು ಬಳಿದರೆ ನಾಳೆ ತಮಿಳಿನ ಬೋರ್ಡಿಗೆ ಬಳಿಯುತ್ತಿದ್ದರು. ಅಂಗಡಿಗಳ ಬಾಗಿಲು ಅರ್ಧ ತೆರೆದು ಅರ್ಧ ಎಳೆದೇ ಇರುತ್ತಿದ್ದವು. ಬಸ್ಸುಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಗಾಳಿ ಎದ್ದಾಗಲೆಲ್ಲ ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳ ಬಿಳಿ ಧೂಳು ಬಂದು ಹಲ್ಲಿನ ಸಂದಿಯಲ್ಲೆಲ್ಲ ಕಿರುಗುಟ್ಟುತ್ತಿತ್ತು. ಅಂಥ ಹೊತ್ತಿನಲ್ಲೇ ಚುನಾವಣೆ ಹತ್ತಿರ ಬಂತು, ಮತದಾರರ ಪಟ್ಟಿಯ ಪರಿಷ್ಕರಣೆಯೂ ಬಂತು.

ಕರಡು ಪಟ್ಟಿ ಗೋಡೆಗೆ ಅಂಟಿಸಿದ ಮೂರನೇ ದಿನವೇ ಒಂದು ಕಟ್ಟು ಆಕ್ಷೇಪಣೆ ಅರ್ಜಿ ಬಂತು. ಎಲ್ಲ ಒಂದೇ ಕೈಬರಹ. ಊರಿಗಾಂ ಗಣಿ ಕಡೆಯ ತಮಿಳರ ಒಂದು ಲೈನಿನ ಮನೆಮನೆಯ ಮೇಲೂ ಒಂದೊಂದು ಅರ್ಜಿ: ಇವರು ಇಲ್ಲಿ ವಾಸವಿಲ್ಲ, ಗಡಿಯಾಚೆಯವರು, ಹೆಸರು ತೆಗೆಯಿರಿ. ಲೈನು ಅಂದರೆ ಗಣಿ ಕೆಲಸದವರಿಗೆಂದು ಕಂಪನಿ ಕಟ್ಟಿಸಿದ ಸಾಲುಮನೆಗಳು. ತಟ್ಟಿ ಗೋಡೆ, ತಗ್ಗು ಬಾಗಿಲು. ಅರ್ಜಿ ಕೊಟ್ಟವರು ನಮ್ಮ ಕಡೆಯವರು, ಕನ್ನಡದ ಹೆಸರಿನಲ್ಲಿ ಕೂಗಾಡುತ್ತಿದ್ದವರು. ಸ್ಥಳ ತನಿಖೆ ಆಗಬೇಕಿತ್ತು. ನಮ್ಮ ಶಿರಸ್ತೇದಾರ್ ರಾಮಲಿಂಗಯ್ಯನವರು ಆ ಕಟ್ಟನ್ನು ನನ್ನ ಕೈಗೆ ಕೊಟ್ಟು, ‘ಹೋಗಿ ಕಣ್ಣಿಗೆ ಕಂಡದ್ದನ್ನ ಬರೆದುಕೊಂಡು ಬಾಮ್ಮ, ಅಷ್ಟೇ’ ಅಂದರು.

ಬೆಳಿಗ್ಗೆ ಹತ್ತೂವರೆಗೆ ಹೋದೆ. ಲೈನಿಗೆ ಲೈನೇ ಮೌನ. ಸಾಲಾಗಿ ಒಂದೊಂದು ಬಾಗಿಲಿನ ಮೇಲೂ ಗೋಣಿತಾಟು ಇಳಿಬಿಟ್ಟಿತ್ತು, ನೀರು ಚಿಮುಕಿಸಿ ಒದ್ದೆ ಮಾಡಿದ್ದರು. ಮೊದಲ ಮನೆಯ ಮುಂದೆ ನಿಂತು ‘ಯಾರಮ್ಮಾ ಮನೇಲಿ?’ ಎಂದು ಜೋರಾಗಿ ಕೂಗಿದೆ. ಒಳಗಿನಿಂದ ಉಸಿರಿಲ್ಲ. ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದಿದ್ದ ಒಬ್ಬ ಹೆಂಗಸು ಓಡಿಬಂದು, ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಹೋಗು ಹೋಗು ಎಂದು ಬೀಸಿದಳು. ನಾನು ಮುಂದಿನ ಮನೆಗೆ ಹೋದೆ. ಅಲ್ಲಿಗೂ ಬಂದಳು, ಮತ್ತೆ ಅದೇ ಬೆರಳು, ಅದೇ ಬೀಸು. ಇನ್ನಿಬ್ಬರು ಹೆಂಗಸರು ದೂರದಿಂದಲೇ ನನ್ನನ್ನು ಗುರಾಯಿಸಿದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಓಹೋ, ಕನ್ನಡದವಳು ಬಂದಳೆಂದು ಬಾಯಿ ಬಿಡುವುದಿಲ್ಲ, ಬೀದಿ ನಾಯಿಯ ಹಾಗೆ ಅಟ್ಟುತ್ತೀರಾ, ಇರಿ ನಿಮಗೆ ಅಂದುಕೊಂಡೆ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಗೋಣಿತಾಟು ಬಿಟ್ಟಿದ್ದ ಮನೆಗಳ ಎದುರಿಗೆಲ್ಲ ಷರಾ ಕಾಲಮ್ಮಿನಲ್ಲಿ ‘ಕೂಗಿದರೂ ಯಾರೂ ಇರಲಿಲ್ಲ, ವಾಸವಿಲ್ಲ’ ಎಂದು ಬರೆದೆ. ಮೊದಲ ಮನೆಗೆ ಪೂರ್ತಿ ಬರೆದು, ಉಳಿದವಕ್ಕೆ ‘ಮೇಲಿನಂತೆ’ ಎಂದು ಹಾಕಿಕೊಂಡು ಹೋದೆ. ಇಡೀ ಲೈನು ಮುಗಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ರಾಮಲಿಂಗಯ್ಯನವರು ಹೊಗಳಿದರು ಕೂಡ.

ನಾಲ್ಕು ದಿನ ಕಳೆದಿರಬೇಕು. ಸಾಯಂಕಾಲದ ಗಾಡಿಯಲ್ಲಿ ಕೆ.ಜಿ.ಎಫ್.ಗೆ ಟಪಾಲು ತೆಗೆದುಕೊಂಡು ಹೊರಟಿದ್ದೆ. ಬಂಗಾರಪೇಟೆ ಮಾರ್ಕೆಟ್ಟಿನಿಂದ ತರಕಾರಿ ಕೊಂಡು ಲೈನುಗಳಲ್ಲಿ ಮಾರುವ ಹೆಂಗಸರು ಎಂದಿನಂತೆ ಗಾಡಿ ತುಂಬಿದ್ದರು. ಒಬ್ಬಳು ಸರಿದು ಜಾಗ ಕೊಟ್ಟಳು. ನೋಡಿದರೆ ಅದೇ ಹೆಂಗಸು, ಬೆರಳಿನವಳು! ನನಗೆ ತಡೆಯಲಾಗಲಿಲ್ಲ.

‘ಅವತ್ತು ನನ್ನ ಯಾಕಮ್ಮಾ ಓಡಿಸಿದ್ದು? ಏನು, ನಮ್ಮನ್ನ ಕಂಡ್ರೆ ಅಷ್ಟು ಆಗಲ್ವಾ?’

ಅವಳು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ನಕ್ಕಳು. ‘ಅಯ್ಯೋ ಕಡವುಳೇ, ನಾನು ಓಡಿಸಿದ್ನಾ? ಗೋಣಿತಾಟು ಬುಟ್ಟಿದ್ದು ನೋಡ್ಲಿಲ್ವಾಮ್ಮಾ ನೀನು?’

‘ನೋಡ್ದೆ. ಅದಕ್ಕೇನು?’

‘ಅದಕ್ಕೇನಾ? ತಾಟು ಬುಟ್ಟವ್ರೆ ಅಂದ್ರೆ ಒಳಗೆ ನೈಟ್ ಷಿಫ್ಟ್ ಆಳು ಮಲಗವ್ನೆ ಅಂತ. ಆವಾಗ ಯಾರೂ ಕೂಗಂಗಿಲ್ಲ, ತಟ್ಟಂಗಿಲ್ಲ. ಜಗಳ ಆಡ್ಬೇಕಂದ್ರೂನೂ ತಾಟು ಎತ್ತೋಗಂಟ ಕಾಯ್ಬೇಕು. ಸಾವಿನ ಸುದ್ದಿ ಬಂದ್ರೂ ಪಕ್ಕದ ಮನೆಯೋರ್ಗೆ ಏಳಿ ಓಯ್ತಾರೆ. ಅರೆ ನಿದ್ದೆಲಿ ಕೆಳಗೆ ಇಳಿದ್ರೆ ಮೇಲೆ ಬತ್ತಾನಾ ಅವ್ನು? ಸಣ್ಣ ಮಕ್ಳಿಗೂ ಗೊತ್ತು. ನೀನು ಬಂದು ಆ ಪಾಟಿ ಕೂಗ್ತಾ ಇದ್ರೆ ನನ್ಗೆ ಎದೆ ಒಡ್ಕಂತು, ನಿಲ್ಸೋಣ ಅಂತ ಓಡ್ಬಂದೆ. ನಾಲ್ಕು ಗಂಟೆ ಮೇಲೆ ಬಾ ಅಂತ ಕೈ ಮಾಡಿದ್ದು ಕಣಮ್ಮಾ.’

ಅವಳ ಹೆಸರು ಕನ್ನಿಯಮ್ಮ. ಗಂಡ ಅರುಣಾಚಲಂ, ಆ ಮೊದಲ ಮನೆಯೊಳಗೆ ಮಲಗಿದ್ದವನು. ಅವನ ತಾತನ ಕಾಲದಿಂದ ಅದೇ ಲೈನು. ಅಷ್ಟು ಹೇಳಿ, ‘ಏನು ಬರ್ಕೊಳಕ್ಕೆ ಬಂದಿದ್ದೆ?’ ಎಂದು ಅವಳು ಕೇಳಿದಾಗ, ‘ಏನೋ ಒಂದು’ ಎಂದು ಮುಖ ತಿರುಗಿಸಿದೆ.

ಮರುದಿನ ಕಚೇರಿ ಬಾಗಿಲು ತೆರೆಯುವ ಮೊದಲೇ ರಾಮಲಿಂಗಯ್ಯನವರ ಮೇಜಿನ ಮುಂದೆ ನಿಂತಿದ್ದೆ. ಕೆಟ್ಟ ಮನುಷ್ಯನಲ್ಲ ಆತ, ಅದನ್ನೂ ಹೇಳಿಬಿಡಬೇಕು. ಒಂದು ರೂಪಾಯಿ ಲಂಚ ಮುಟ್ಟಿದವರಲ್ಲ. ಯಾರ ಮನೆಯ ಕಾಫಿಯನ್ನೂ ಕುಡಿದವರಲ್ಲ. ನಾನು ಹೇಳಿದ್ದನ್ನೆಲ್ಲ ಕನ್ನಡಕ ತೆಗೆದು ಕೇಳಿಸಿಕೊಂಡರು.

‘ನೋಡು ಪದ್ಮಾವತಿ. ನಾವು ಸರ್ಕಾರಿ ನೌಕರರು. ನಮಗೆ ಕನ್ನಡವೂ ಇಲ್ಲ, ತಮಿಳೂ ಇಲ್ಲ.’

‘ಭಾಷೆ ಮಾತು ನಾನೆತ್ತಲೇ ಇಲ್ಲವಲ್ಲ ಸಾರ್. ತಪ್ಪು ಬರೆದಿದ್ದೀನಿ, ತಿದ್ದಬೇಕು.’

‘ಈಗ ನೀನು ತಿದ್ದಿದರೆ ಒಂದು ಕಡೆಯವರಿಗೆ ಲಾಭವಾಗುತ್ತೆ. ಅದಕ್ಕೆ ಪಕ್ಷಪಾತ ಅಂತಾರೆ.’

‘ಬರೆದಾಗ ಇನ್ನೊಂದು ಕಡೆಯವರಿಗೆ ಲಾಭ ಆಗಲಿಲ್ವಾ ಸಾರ್?’

‘ಅದು ಆಗಿಹೋಯ್ತು. ಕಡತಕ್ಕೆ ಸೇರಿತು. ಈಗ ಮುಟ್ಟಿದರೆ ನಾವು ಒಂದು ಕಡೆ ನಿಂತ ಹಾಗೆ. ಊರು ಹೊತ್ತಿಕೊಂಡು ಉರೀತಿದೆ, ನಾವು ನಡುವೆ ಇರಬೇಕಮ್ಮ, ನಡುವೆ.’

ನಡುವೆ! ಇವತ್ತಿಗೂ ಆ ಪದ ಕೇಳಿದರೆ ನನಗೆ ಮೈಗೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಗುತ್ತದೆ. ಸುಳ್ಳಿಗೂ ನಿಜಕ್ಕೂ ನಡುವೆ ಯಾವ ಜಾಗವಿದೆ? ಅದೇ ನಮ್ಮ ಕಚೇರಿಯ ಜಾಗವೇನು? ತಪ್ಪು ಮಾಡುವಾಗ ಯಾರ ಪರ ಎಂಬ ಪ್ರಶ್ನೆಯೇ ಏಳಲಿಲ್ಲ, ತಿದ್ದಲು ಹೊರಟಾಗ ಎದ್ದು ಕೂತಿತು. ಆ ದಿನ ಅಷ್ಟು ಚೆನ್ನಾಗಿ ಹೇಳಲು ನನಗೆ ಬರಲಿಲ್ಲ. ಹೊರಗೆ ಬಂದೆ.

ಆದರೆ ಅದೇ ದಿನ ನಾಲ್ಕೂವರೆ ಗಾಡಿ ಹತ್ತಿ ಊರಿಗಾಂನಲ್ಲಿ ಇಳಿದೆ, ಯಾರನ್ನೂ ಕೇಳದೆ. ತಾಟುಗಳೆಲ್ಲ ಮೇಲಕ್ಕೆ ಮಡಚಿದ್ದವು. ಲೈನಿನ ತುಂಬ ಹೊಗೆ, ರೇಡಿಯೊ, ಬೈಗುಳ, ನಗು. ಅವತ್ತು ಬೆಳಿಗ್ಗೆ ನಾನು ಕಂಡ ಲೈನು ಇದೇನಾ ಅನಿಸಿತು. ಕನ್ನಿಯಮ್ಮ ಒಂದು ಸ್ಟೂಲು ಹಾಕಿ ಕೂರಿಸಿದಳು. ಜನ ಸುತ್ತ ನೆರೆದರು. ನಾನು ನಿಜ ಹೇಳಿಬಿಟ್ಟೆ: ನಿಮ್ಮನ್ನೆಲ್ಲ ಇಲ್ಲ ಎಂದು ಬರೆದುಕೊಂಡು ಹೋಗಿದ್ದೆ, ತಿದ್ದಲು ಬಂದಿದ್ದೇನೆ.

ಅರುಣಾಚಲಂ ಒಳಗೆ ಹೋಗಿ ಗೂಡಿನಿಂದ ಒಂದು ಹಿತ್ತಾಳೆ ಬಿಲ್ಲೆ ತಂದು ನನ್ನ ಅಂಗೈ ಮೇಲಿಟ್ಟ. ಅದರ ಮೇಲೆ ನಂಬರು ಕೊರೆದಿತ್ತು. ‘ಕೆಳಗೆ ಇಳಿಯೋವಾಗ ಈ ನಂಬರು ಬರ್ಕೊಂತಾರೆ, ಮೇಲೆ ಬಂದಾಗ ಬರ್ಕೊಂತಾರೆ,’ ಅಂದ. ಕೆಮ್ಮು ಬಂದು ನಿಲ್ಲಿಸಿದ, ಮತ್ತೆ ಹೇಳಿದ. ‘ಒಂದು ನಂಬರು ಕಮ್ಮಿ ಬಂತಂದ್ರೆ ಸುರಂಗ ಪೂರ್ತಿ ಉಡುಕ್ತಾರಮ್ಮಾ. ಇಲ್ಲಿ ಇಷ್ಟು ಜನ ಕಮ್ಮಿ ಬಂದ್ರೂ ನೀವು ಉಡುಕ್ಲಿಲ್ವಲ್ಲ.’

ನನಗೆ ಕಣ್ಣಲ್ಲಿ ನೀರು ಬಂತು. ಅವನೇನೂ ಬೈದಿರಲಿಲ್ಲ. ಕತ್ತಲಾಗುವವರೆಗೂ ಕೂತು ಮನೆಮನೆಯ ಹೆಸರು ಬರೆದೆ, ಸಹಿ ಮಾಡುವವರ ಸಹಿ, ಹೆಬ್ಬೆಟ್ಟಿನವರ ಹೆಬ್ಬೆಟ್ಟು ತೆಗೆದುಕೊಂಡೆ. ಕನ್ನಿಯಮ್ಮ ಕೇಳಿದಳು, ‘ಈ ದಪ ನಮ್ ಓಟು ಗ್ಯಾರಂಟಿ ತಾನೇ?’ ‘ಗ್ಯಾರಂಟಿ’ ಅಂದೆ. ಯಾವ ಬಾಯಲ್ಲಿ ಅಂದೆನೋ.

ಎರಡನೇ ವರದಿಯನ್ನು ರಾಮಲಿಂಗಯ್ಯನವರು ಬೇಡವೆನ್ನಲಿಲ್ಲ. ತೆಗೆದುಕೊಂಡರು, ತಾರೀಕು ಹಾಕಿ ಮೂಲೆಯಲ್ಲಿ ಚಿಕ್ಕ ಸಹಿ ಹಾಕಿದರು, ಮೇಜಿನ ಡ್ರಾಯರಿನಲ್ಲಿಟ್ಟರು. ದಿನಾ ಕೇಳಿದೆ. ದಿನಾ ‘ಪರಿಶೀಲನೆಯಲ್ಲಿದೆ’ ಅಂದರು. ಕೊನೆಯ ದಿನಾಂಕ ಬಂತು, ಹೋಯಿತು. ಮಾರನೆಯ ದಿನ ಡ್ರಾಯರು ತೆರೆದು, ‘ಅಯ್ಯೋ, ಅವಧಿ ಮುಗಿದುಹೋಯ್ತಲ್ಲಮ್ಮ’ ಅಂದರು. ಬೇಸರದಿಂದಲೇ ಅಂದರು. ಅದೇ ನನಗೆ ಇನ್ನೂ ಸಿಟ್ಟು ಬರಿಸುವುದು. ನಗುತ್ತ ಹೇಳಿದ್ದರೆ ಮುಖಕ್ಕೆ ಎರಡು ಮಾತು ಎಸೆದಾದರೂ ಬರುತ್ತಿದ್ದೆ.

ಈ ನಡುವೆ ನನ್ನ ಸುದ್ದಿ ಊರೆಲ್ಲ ಹರಡಿತ್ತು. ನಮ್ಮ ಕಡೆಯ ಮುಖಂಡನೊಬ್ಬ ಕಚೇರಿಗೇ ಬಂದು, ‘ಏನಕ್ಕಾ, ನೀನು ನಮ್ಮೋಳಾಗಿ ಇಂಗೆ ಮಾಡಬೌದಾ? ಅವ್ರು ಏನು ಕೊಟ್ರು ನಿಂಗೆ?’ ಎಂದು ಕೇಳಿದ. ಅದೇ ವಾರ ಆ ಕಡೆಯವರು ಆಂಡರ್ಸನ್‌ಪೇಟೆಯಲ್ಲಿ ಸಭೆ ಮಾಡಿ, ತಮಿಳರ ಓಟು ಕದ್ದ ಕನ್ನಡದ ಅಧಿಕಾರಿಣಿ ಎಂದು ನನ್ನ ಹೆಸರೆತ್ತಿ ಕೂಗಿದರು. ಸರಿ, ಕೂಗಲಿ. ಆದರೆ ಆ ಹೆಸರುಗಳನ್ನು ಸೇರಿಸಿ ಎಂದು ಅವರಿಂದ ಒಂದು ಅರ್ಜಿ ಬಂತೇ? ಇಲ್ಲ. ಭಾಷಣಕ್ಕೆ ಹೆಸರು ಹೋಗಿರುವುದೇ ಚೆನ್ನಾಗಿತ್ತು. ಈ ಇಬ್ಬರಲ್ಲಿ ಒಬ್ಬನಾದರೂ ಆ ಲೈನಿಗೆ ಕಾಲಿಟ್ಟಿರಲಿಲ್ಲ. ಇವರ ಹೊಲಸು ಬಾಯಿಗಳ ನಡುವೆ ನಾನು ನಿಷ್ಪಕ್ಷಪಾತವಾಗಿ ಇರಬೇಕಂತೆ!

ಮತದಾನದ ದಿನ ನನ್ನನ್ನು ಊರಿಗಾಂನ ಒಂದು ಹೆಂಗಸರ ಬೂತಿಗೆ ಹಾಕಿದರು. ಪಟ್ಟಿ ನೋಡಿ ಹೆಸರು ಓದುವ ಕೆಲಸ. ನನ್ನ ಎದುರಿಗೆ ಬೆಂಚಿನ ಮೇಲೆ ಎರಡೂ ಕಡೆಯ ಏಜೆಂಟರು ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದ ಹಾಗೆ. ಒಂಬತ್ತು ಗಂಟೆಗೆ ಆ ಲೈನಿನ ಹೆಂಗಸರು ಒಟ್ಟಿಗೆ ಬಂದರು. ಎಣ್ಣೆ ಹಚ್ಚಿ ಬಾಚಿದ ತಲೆ, ಮುಡಿಗೆ ಕನಕಾಂಬರ. ಮುಂದೆ ಕನ್ನಿಯಮ್ಮ.

ಪಟ್ಟಿಯಲ್ಲಿ ಇಲ್ಲವೆಂದು ಗೊತ್ತಿದ್ದೂ ಪುಟ ತಿರುವಿದೆ. ಎರಡು ಸಲ ತಿರುವಿದೆ.

‘ಸರ್ಯಾಗಿ ನೋಡಮ್ಮಾ,’ ಅಂದಳು. ‘ನೀನೇ ಬರ್ಕೊಂಡು ಓಗಿದ್ಯಲ್ಲ, ಹೆಬ್ಬೆಟ್ಟು ಹಾಕಿಸ್ಕೊಂಡು.’

‘ನಿಮ್ಮ ಹೆಸರಿಲ್ಲ ಕನ್ನಿಯಮ್ಮ.’

‘ಯಾರು ತೆಗೆದಾಕಿದ್ದು?’

ಏಜೆಂಟನೊಬ್ಬ ‘ಮುಂದೆ ನಡಿಯಮ್ಮ, ಕ್ಯೂ ಇದೆ’ ಅಂದ. ಕನ್ನಿಯಮ್ಮ ಅಲುಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಸರ್ಕಾರ ಅನ್ನಬಹುದಿತ್ತು. ಮೇಲಿನವರು ಅನ್ನಬಹುದಿತ್ತು. ನನಗೇನಾಯಿತೋ, ಎದ್ದು ನಿಂತು ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದೆ: ‘ನಾನೇ ತೆಗೆದದ್ದು. ನೀವು ಮನೆಯಲ್ಲಿ ಇದ್ದಿರಿ, ನಾನು ಇಲ್ಲ ಅಂತ ಸುಳ್ಳು ಬರೆದೆ. ಆಮೇಲೆ ತಿದ್ದಿ ಕೊಟ್ಟೆ, ಅದನ್ನ ಡ್ರಾಯರಿನಲ್ಲಿ ಇಟ್ಟುಕೊಂಡರು. ಈ ಪಟ್ಟಿ ತಪ್ಪು.’

ಅಬ್ಬಬ್ಬಾ! ಆ ಇಬ್ಬರು ಏಜೆಂಟರೂ ಒಟ್ಟಿಗೆ ಹಾರಿ ಎದ್ದರು. ‘ಮೇಡಮ್, ನೀವು ಸರ್ಕಾರಿ ನೌಕರರು, ಇಲ್ಲಿ ಹಂಗೆಲ್ಲ ಮಾತಾಡಂಗಿಲ್ಲ!’ ಆ ಬೇಸಿಗೆಯಲ್ಲಿ ಒಬ್ಬರ ಬೋರ್ಡಿಗೆ ಒಬ್ಬರು ಟಾರು ಬಳಿದವರು, ಒಂದೇ ಪೆನ್ನಿನಲ್ಲಿ, ಒಂದೇ ಕಾಗದದ ಮೇಲೆ ನನ್ನ ವಿರುದ್ಧ ದೂರು ಬರೆದು ಇಬ್ಬರೂ ಸಹಿ ಹಾಕಿದರು. ಕನ್ನಿಯಮ್ಮ ಹೊರಡುವಾಗ ಮೇಜಿನ ಮೇಲಿದ್ದ ನನ್ನ ಕೈಯನ್ನು ಒಮ್ಮೆ ಹಿಡಿದು, ‘ಇರ್ಲಿ ಬುಡಮ್ಮಾ. ನಿಜ ಏಳಿದ್ಯಲ್ಲ, ಅಷ್ಟೇ ಸಾಕು’ ಅಂದಳು. ಓಟು ಹಾಕದೆ ಲೈನಿಗೆ ಲೈನೇ ಬಿಸಿಲಲ್ಲಿ ವಾಪಸ್ಸು ನಡೆದುಹೋಯಿತು.

ಹತ್ತು ದಿನಕ್ಕೆ ಮೆಮೊ ಬಂತು: ಮತಗಟ್ಟೆಯಲ್ಲಿ ಒಂದು ಪಂಗಡದ ಪರವಾಗಿ ಮಾತನಾಡಿದ್ದಕ್ಕೆ ಸಮಜಾಯಿಷಿ ನೀಡಿ. ರಾಮಲಿಂಗಯ್ಯನವರೇ ಉತ್ತರ ಬರೆದು ತಂದಿದ್ದರು. ಮೂರೇ ಸಾಲು. ತನಿಖೆಯ ವೇಳೆ ಸದರಿ ಮನೆಗಳಲ್ಲಿ ಯಾರೂ ವಾಸವಿರಲಿಲ್ಲವೆಂಬುದು ನಿಜ. ಮತಗಟ್ಟೆಯಲ್ಲಿ ನಾನು ಆಡಿದ ಮಾತಿಗೆ ಆಧಾರವಿಲ್ಲ. ನಾನು ಯಾವ ಪಂಗಡದ ಪರವೂ ಅಲ್ಲ.

‘ಸಾರ್, ಇದು ಸುಳ್ಳು.’

‘ಇದು ಕಾಗದ,’ ಅಂದರು. ‘ಸಹಿ ಹಾಕಿದರೆ ಮುಚ್ಚಿಹೋಗುತ್ತೆ. ಇಲ್ಲದಿದ್ದರೆ ನಿನ್ನ ಪ್ರೊಬೇಷನ್ ವಿಷಯ ನನ್ನ ಕೈಲಿಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ ತಾಯಿ.’

ರಾತ್ರಿ ಅಪ್ಪನನ್ನು ಕೇಳಿದೆ. ಹಸುವಿಗೆ ಹುಲ್ಲು ಹಾಕುತ್ತ, ‘ನಮ್ ವಂಶದಲ್ಲೇ ಒಬ್ರಿಗೂ ಸರ್ಕಾರಿ ಕೆಲ್ಸ ಸಿಕ್ಕಿರ್ಲಿಲ್ಲ ಕಣವ್ವ’ ಅಂದರು. ಅಪ್ಪನ ಮೇಲೆ ಹಾಕುವುದಿಲ್ಲ. ಸಹಿ ಮಾಡಿದ ಕೈ ನನ್ನದು. ದುಂಡಗೆ, ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಆ ಕಾಗದ ಕಡತ ಸೇರಿತು. ಮುಂದಿನ ಸಲ ಆ ಲೈನಿನವರು ಹೆಸರು ಸೇರಿಸಲು ಅರ್ಜಿ ಕೊಟ್ಟಾಗ, ‘ಇವರು ವಾಸವಿರಲಿಲ್ಲವೆಂದು ನೌಕರರೇ ಒಪ್ಪಿದ್ದಾರೆ’ ಎಂದು ಅದೇ ಕಾಗದ ತೋರಿಸಿ ಕಳಿಸಿದರಂತೆ. ಅವರ ಹೆಸರು ಮತ್ತೆ ಪಟ್ಟಿ ಹತ್ತಲು ವರ್ಷಗಳೇ ಹಿಡಿದವು. ನನ್ನ ವಾರ್ಷಿಕ ವರದಿಯಲ್ಲಿ ಮಾತ್ರ ಅದೇ ವರ್ಷ ‘ನಿಷ್ಪಕ್ಷಪಾತ ಮನೋಭಾವದವರು’ ಎಂದು ಬರೆದರು. ಆ ಸಾಲೇ ಬೆಳೆದು ಬೆಳೆದು ಮೊನ್ನೆ ಮೈಕಿನವರೆಗೂ ಬಂದಿರುವುದು.

ಸಹಿ ಹಾಕಿ ಒಂದು ವಾರವಾಗಿತ್ತು. ಮೊದಲ ಮಳೆ ಬಿದ್ದು ಧೂಳು ಅಡಗಿತ್ತು. ಸಾಯಂಕಾಲದ ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನಿಂದ ಯಾರೋ ಸೆರಗು ಎಳೆದರು. ಕನ್ನಿಯಮ್ಮ. ಪಕ್ಕದವಳನ್ನು ತಳ್ಳಿ, ತಾನೂ ಮುದುರಿಕೊಂಡು, ‘ಬಾ, ಕೂತ್ಕೋ’ ಎಂದು ಅಂಗೈ ಅಗಲ ಜಾಗ ಮಾಡಿದಳು. ಸುತ್ತಲಿದ್ದ ಹೆಂಗಸರಿಗೆಲ್ಲ ತಮಿಳಿನಲ್ಲಿ ಹೇಳಿದಳು: ಅವತ್ತು ಬೂತಿನಲ್ಲಿ ಎದ್ದು ನಿಂತು ನಿಜ ಹೇಳಿದ್ದು ಈ ಅಮ್ಮನೇ. ಅವರೆಲ್ಲ ನನ್ನನ್ನು ನೋಡಿ ತಲೆದೂಗಿದರು.

‘ಆಮೇಲೆ ನಿನ್ಗೇನು ಮಾಡಿದ್ರಮ್ಮಾ ಅವ್ರು? ಕೆಲ್ಸ ಐತಾ?’ ಎಂದು ಕೇಳಿದಳು. ನಿಜವಾಗಿಯೂ ಹೆದರಿದ್ದಳು, ನನಗೋಸ್ಕರ.

‘ಐತೆ. ಏನೂ ಮಾಡಲಿಲ್ಲ. ಒಂದು ಸಹಿ ಹಾಕಿಸ್ಕೊಂಡ್ರು.’

‘ಏನಂತ?’

ಸುಳ್ಳು ಹೇಳಬಹುದಿತ್ತು. ಅವಳಿಗೆ ಹೇಗೆ ತಿಳಿಯುತ್ತಿತ್ತು? ‘ನೀವು ಮನೇಲಿ ಇರಲಿಲ್ಲ ಅಂತ,’ ಅಂದೆ. ‘ಅವತ್ತು ನಾನು ಬೂತಲ್ಲಿ ಹೇಳಿದ್ದು ಸುಳ್ಳು ಅಂತ.’

ಕನ್ನಿಯಮ್ಮ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ಅವಳು ಎದ್ದಳು, ಕಾಲಡಿಯ ಕುಕ್ಕೆಯನ್ನು ತೆಗೆದು ಸೊಂಟಕ್ಕೆ ಇಟ್ಟುಕೊಂಡಳು, ಜನರ ನಡುವೆ ನುಸುಳಿ ಬಾಗಿಲ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತಳು. ಊರಿಗಾಂ ಬರುವವರೆಗೂ ನಿಂತೇ ಇದ್ದಳು. ಅವಳು ಬಿಟ್ಟುಹೋದ ಜಾಗದಲ್ಲಿ ನಾನು ಆರಾಮವಾಗಿ ಕೂತಿದ್ದೆ.